ಮದರಂಗಿ ಕೋನಿನ ಅಕ್ಷರ

ಆ ಅಕ್ಷರ ನಮ್ಮ ಅಜ್ಜಿಯ ರಂಗೋಲಿಯಿಂದ ಬಂದದ್ದಲ್ಲ. ನಾನು ಸುಳ್ಳು ಹೇಳಿದ್ದೆ.

ನಮ್ಮ ಅಜ್ಜಿ ರಂಗೋಲಿ ಹಾಕಿದ್ದನ್ನು ನಾನು ಒಂದು ದಿನವೂ ಕಂಡಿಲ್ಲ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ಹೊಸ್ತಿಲ ಮುಂದಿನ ರಂಗೋಲಿ ಮುತ್ತೈದೆಯರ ಕೆಲಸವೆಂದು ನಮ್ಮ ಮನೆಯಲ್ಲಿ ಅವಳ ಕೈಗೆ ಆ ಬಟ್ಟಲನ್ನೇ ಕೊಡುತ್ತಿರಲಿಲ್ಲ. ಕಲಬುರಗಿಯ ಗಾಜಿಪುರದಲ್ಲಿ, ನಮ್ಮ ಓಣಿಯಲ್ಲಿ, ಇದು ಗೊತ್ತಿಲ್ಲದವರಿಲ್ಲ. ಆದರೂ ‘ಅಂಗಳ’ ಎಂಬ ಕನ್ನಡ ಫಾಂಟಿನ ಬಗ್ಗೆ ಯಾರು ಎಲ್ಲಿ ಬರೆದರೂ ಒಂದು ಸಾಲು ತಪ್ಪದೆ ಇರುತ್ತದೆ — ಕಲಬುರಗಿಯ ಒಬ್ಬ ಅಜ್ಜಿಯ ರಂಗೋಲಿ ಎಳೆಯಿಂದ ಹುಟ್ಟಿದ ಅಕ್ಷರ, ಎಂದು. ಯಾರೂ ಓಣಿಗೆ ಬಂದು ವಿಚಾರಿಸಲಿಲ್ಲ. ವಿಚಾರಿಸಿದ್ದರೆ — ಇರಲಿ.

ಈಗ ಆ ಫಾಂಟನ್ನು ಹೊಸದಾಗಿ ತರುತ್ತಿರುವವರು ಅದರ ಹುಟ್ಟಿನ ಕತೆಯನ್ನು ನನ್ನ ಮಾತಿನಲ್ಲೇ ಬರೆದುಕೊಡಬೇಕೆಂದು ಕೇಳಿದ್ದಾರೆ. ಹಳೆಯ ಸುಳ್ಳಿಗೇ ಇನ್ನೊಮ್ಮೆ ಎಣ್ಣೆ ಹಚ್ಚಿ ತಲೆ ಬಾಚಿ ಕಳಿಸಬಹುದಿತ್ತು. ಶುರು ಮಾಡಿದ್ದೂ ಹೌದು. ‘ನಮ್ಮ ಅಜ್ಜಿ’ ಎಂದು ಬರೆದೆ, ಮುಂದೆ ಪೆನ್ನು ಹೋಗಲಿಲ್ಲ. ಪಶ್ಚಾತ್ತಾಪ ಉಕ್ಕಿ ಬಂತು ಎಂದುಕೊಳ್ಳಬೇಡಿ. ಏನೂ ಉಕ್ಕಲಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ಗಲ್ಲ ಇರುತ್ತದಲ್ಲ, ಮುಟ್ಟಿದರೂ ಮುಟ್ಟಿದಂತಾಗದೆ — ಈ ವಿಷಯ ನನ್ನೊಳಗೆ ಎಷ್ಟೋ ವರ್ಷಗಳಿಂದ ಹಾಗೇ ಇದೆ.

ಅಕ್ಷರ ಮಾಡಿದವಳು ನಫೀಸಾ.

ಎಂಬತ್ತರ ದಶಕದಲ್ಲಿ ನಾವಿಬ್ಬರೂ ಕಮಲಾಪುರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರುಗಳು. ಇಬ್ಬರ ಮನೆಯೂ ಕಲಬುರಗಿಯಲ್ಲಿ. ನನ್ನದು ಗಾಜಿಪುರ, ಅವಳದು ಸ್ಟೇಶನ್ ಬಜಾರದ ಒಂದು ಗಲ್ಲಿ. ಮುಂಜಾನೆ ಹುಮನಾಬಾದ ಕಡೆಯ ಬಸ್ಸು ಹಿಡಿದು ಹೋಗುವುದು, ಸಂಜೆ ಅದೇ ಹಾದಿಯಲ್ಲಿ ತಿರುಗಿ ಬರುವುದು. ಮೊದಲು ಬಸ್ ಸ್ಟ್ಯಾಂಡಿಗೆ ಬಂದವಳು ಕಿಟಕಿಯೊಳಗಿಂದ ಕರವಸ್ತ್ರ ಹಾಕಿ ಇನ್ನೊಬ್ಬಳಿಗೂ ಜಾಗ ಹಿಡಿಯಬೇಕೆಂಬುದು ನಮ್ಮ ಕರಾರು. ಆಕೆ ನನಗಿಂತ ಸ್ವಲ್ಪ ದೊಡ್ಡವಳು. ನಾನು ‘ಆಪಾ’ ಎನ್ನುತ್ತಿದ್ದೆ, ಅವಳು ನನ್ನನ್ನು ‘ಬಾಯಿ’ ಎನ್ನುತ್ತಿದ್ದಳು. ಅವಳಿಗೆ ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವಳು, ಅವಳ ಅಮ್ಮಿ, ಅಷ್ಟೇ. ವಾರಕ್ಕೊಮ್ಮೆ ಕಮಲಾಪುರದ ಕೆಂಪು ಬಾಳೆಹಣ್ಣು ಕೊಂಡು, ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದಂತೆ ಎದೆಗೆ ಹಿಡಿದುಕೊಂಡು ಅಮ್ಮಿಗಾಗಿ ಒಯ್ಯುತ್ತಿದ್ದಳು.

ಒಂದನೆಯ ತರಗತಿ ಅವಳದು. ತಾಂಡಾದಿಂದ ಬರುವ ಮಕ್ಕಳು, ಮನೆಯಲ್ಲಿ ಉರ್ದು ಆಡುವ ಮಕ್ಕಳು, ತೆಲುಗಿನವು — ಕನ್ನಡ ಎಲ್ಲರಿಗೂ ಹೊಸದು. ಪುಸ್ತಕದ ಅಕ್ಷರದ ಮೇಲೆ ಬೆರಳಾಡಿಸಿ ಕಲಿಸಬೇಕು. ಆದರೆ ಪುಸ್ತಕದ ಅಕ್ಷರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲೆಳೆ. ತೆಳುವಾದ ಕಡೆ ಬಂದ ಕೂಡಲೇ ಅಕ್ಷರ ಮುಗಿಯಿತೆಂದು ಮಕ್ಕಳು ಬೆರಳು ಎತ್ತಿಬಿಡುತ್ತಿದ್ದವು. ಪಾಟಿಯ ಮೇಲೆ ಬರೆಸಿದರೆ ಅರ್ಧರ್ಧ ಅಕ್ಷರಗಳು. ನಾನಾದರೆ ಕಿವಿ ಹಿಂಡುತ್ತಿದ್ದೆ. ಅವಳು ಹಿಂಡುವವಳಲ್ಲ.

ನಾಗರಪಂಚಮಿಗೆ ನನ್ನ ಕೈಗೆ ಮದರಂಗಿ ಹಚ್ಚುವವಳು ಅವಳೇ. ಪ್ಲಾಸ್ಟಿಕ್ ಹಾಳೆಯನ್ನು ಸುರುಳಿ ಸುತ್ತಿ, ತುದಿಯಲ್ಲಿ ತೂತು ಬಿಟ್ಟು, ಕೋನು ಮಾಡಿಕೊಂಡು ಬರುತ್ತಿದ್ದಳು. ಒಂದು ಪಂಚಮಿಯಲ್ಲಿ ನನ್ನ ಕೈ ಒಣಗಲೆಂದು ಕಾಯುತ್ತ ಕುಳಿತವಳು, ಉಳಿದ ಮದರಂಗಿಯಿಂದ ಸೀರೆ ಡಬ್ಬಿಯ ರಟ್ಟಿನ ಮೇಲೆ ಒಂದು ‘ಅ’ ಬರೆದಳು. ಬರೆದು ಸ್ವಲ್ಪ ಹೊತ್ತು ನೋಡಿದಳು.

“ನೋಡ್ರಿ ಬಾಯಿ, ಎಲ್ಲಿ ಮುಟ್ಟಿದ್ರೂ ಒಂದ ದಪ್ಪ ಅದ. ಈಗ ಹ್ಯಾಂಗ ಬೆರಳ ಎತ್ತತಾವ ನೋಡೂಣು.”

ಮುಂದೆ ಮದರಂಗಿಯ ಬದಲು ಮೈದಾ ಕುದಿಸಿದ ಅಂಟು ಬಂತು, ಅದಕ್ಕೆ ಬಟ್ಟೆಯ ನೀಲಿ ಬೆರೆಯಿತು. ಒಣಗಿದ ಮೇಲೆ ಅಕ್ಷರ ರಟ್ಟಿನ ಮೇಲೆ ಉಬ್ಬಿ ನಿಲ್ಲುತ್ತಿತ್ತು. ಸಣ್ಣ ಸುರುಳಿಗಳಲ್ಲಿ ಅಂಟು ತುಂಬಿ ಉಂಡೆಯಾಗುತ್ತದೆಂದು ಸುರುಳಿಗಳನ್ನೆಲ್ಲ ಅಗಲ ಮಾಡಿದಳು. ಎಳೆ ಎತ್ತಿದರೆ ಬಾಲ ಬರುತ್ತದೆಂದು ತುದಿಗಳನ್ನು ಮೊಂಡಾಗಿ ನಿಲ್ಲಿಸಿದಳು. ಇಂಗ್ಲಿಷಿನಲ್ಲಿ ಸ್ಯಾನ್ಸ್ ಸೆರಿಫ್ ಎನ್ನುತ್ತಾರಂತೆ — ತುದಿಯಲ್ಲಿ ಯಾವ ಸಿಂಗಾರವೂ ಇಲ್ಲದ, ಉದ್ದಕ್ಕೂ ಒಂದೇ ಸಮನಾದ ಅಕ್ಷರ. ತಿಳಿದವರು ಈಗ ಅದರ ತೆರೆದ ಹೊಟ್ಟೆಯನ್ನು, ಮೊಂಡು ತುದಿಯನ್ನು ಹೊಗಳಿ ಬರೆಯುತ್ತಾರೆ. ನಾನು ಓದುತ್ತೇನೆ. ಮೈದಾ ಅಂಟಿನ ವಾಸನೆ ಬರುತ್ತದೆ.

ಇನ್ನೊಂದು ವಿಷಯವಿತ್ತು. ನಫೀಸಾ ಮೊದಲು ಕಲಿತದ್ದು ಉರ್ದು. ಪೆನ್ನಿನಲ್ಲಿ ಕನ್ನಡವನ್ನು ಎಲ್ಲರ ಹಾಗೆಯೇ ಬರೆಯುತ್ತಿದ್ದಳು. ಕೋನು ಹಿಡಿದರೆ ಮಾತ್ರ ಅವಳ ಕೈ ಬಲದಿಂದ ಎಡಕ್ಕೆ ಹೊರಡುತ್ತಿತ್ತು. ‘ನ’ ಬರೆದರೂ ‘ಕ’ ಬರೆದರೂ ತಲೆಕಟ್ಟನ್ನು ಬಲಗಡೆಯಿಂದ ಎಳೆಯುತ್ತಿದ್ದಳು. ಕೋನು ಒತ್ತಿದಾಗ ಮೊದಲ ಹನಿ ಸ್ವಲ್ಪ ಹೆಚ್ಚೇ ಬೀಳುತ್ತದಲ್ಲ — ಹಾಗಾಗಿ ಅವಳ ಪ್ರತಿ ತಲೆಕಟ್ಟೂ ಬಲತುದಿಯಲ್ಲಿ ತುಸು ತೋರ. ಅದು ಅವಳ ಕೈಯ ಗುರುತು. ನನಗೆ ಆವತ್ತೇ ಗೊತ್ತಿತ್ತು. ನಾವು ಅದರ ಬಗ್ಗೆ ನಕ್ಕಿದ್ದೆವು ಕೂಡ.

ನಮ್ಮ ಯಜಮಾನರದು ಸ್ಟೇಶನ್ ಬಜಾರದಲ್ಲಿ ಸಣ್ಣ ಪ್ರೆಸ್ಸು. ಮದುವೆ ಪತ್ರಿಕೆ, ಲಾಡ್ಜುಗಳ ರಸೀದಿ, ಹೋಟೆಲಿನ ದರಪಟ್ಟಿ. ನಾನೊಮ್ಮೆ ಆ ರಟ್ಟುಗಳನ್ನು ಮನೆಗೆ ತಂದಾಗ ಅವರು ನೋಡಿ, ನಫೀಸಾಳನ್ನು ಕೇಳಿ, ಫೋಟೋ ತೆಗೆಸಿ, ಬ್ಲಾಕ್ ಮಾಡಿಸಿ, ಗೋಡೆಗೆ ಹಾಕುವ ಅಕ್ಷರಮಾಲೆಯೊಂದನ್ನು ಅಚ್ಚು ಹಾಕಿದರು. ಪ್ರೆಸ್ಸಿನಲ್ಲಿ ಎಲ್ಲರೂ ಅದನ್ನು ‘ಮೆಹಂದಿ ಟೈಪು’ ಎಂದೇ ಕರೆಯುತ್ತಿದ್ದರು. ‘ಅಂಗಳ’ ಎಂಬ ಹೆಸರು ಆಮೇಲಿನದು.

ತೊಂಬತ್ತರ ದಶಕದ ಆರಂಭ. ದೊಡ್ಡವರಿಗೆ ಓದು ಕಲಿಸುವ ಕೆಲಸ ಜೋರಾಗಿ ನಡೆದಿತ್ತು. ಅದರ ಪುಸ್ತಕಗಳನ್ನು ತಯಾರಿಸಲು ಸ್ಟೇಶನ್ ಬಜಾರದಲ್ಲಿ, ಮಾಳಿಗೆಯ ಮೇಲೆ, ಒಂದು ಕೋಣೆ ಹಿಡಿದು ಆಫೀಸು ಮಾಡಿದ್ದರು. ಮೊದಲ ಪುಸ್ತಕಕ್ಕೆ ನಮ್ಮ ಅಕ್ಷರಮಾಲೆಯ ಅಕ್ಷರವೇ ಆಗಲಿ ಎಂದು ಮೇಲಿನವರು ಒಪ್ಪಿದ್ದರು. ಆ ಆಫೀಸಿಗೆ ಒಬ್ಬ ಟೀಚರನ್ನು ಶಾಲೆಯಿಂದ ಎರವಲು ಪಡೆಯುತ್ತಾರೆ, ಅಕ್ಷರ ಯಾರದೋ ಅವರನ್ನೇ ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಬಂತು.

ಆ ಹೊತ್ತಿಗೆ ನಫೀಸಾಳ ಅಮ್ಮಿ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮುಂಜಾನೆ ಉಣಿಸಿ ಬಂದರೆ ಸಂಜೆ ಇವಳು ಹೋಗುವ ತನಕ ಬಾಜೂ ಮನೆಯವರು ಇಣುಕಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಸ್ಸಿನಲ್ಲಿ ಒಮ್ಮೆ ನನ್ನ ಕೈ ಹಿಡಿದುಕೊಂಡು ಹೇಳಿದಳು.

“ಬಾಯಿ, ಆ ಕೆಲಸ ಸಿಕ್ಕರ ಸಾಕ್ರಿ. ಮಧ್ಯಾಹ್ನ ಮನಿಗಿ ಹೋಗಿ ಅಮ್ಮಿಗಿ ಒಂದ್ ತುತ್ತು ತಿನಿಸಿ ಬರಬಹುದು. ಆ ಆಫೀಸಿನ ಕಿಟಕ್ಯಾಗಿಂದ ನಮ್ಮ ಮನಿ ಬಾಗಲಾ ಕಾಣತದ.”

“ನಿಮಗ ಸಿಗತದ ಆಪಾ,” ಎಂದೆ. “ಮತ್ಯಾರಿಗಿ ಸಿಗಬೇಕು?”

ಇದನ್ನು ಹೇಳಿದವಳು ನಾನೇ.

ಬೆಂಗಳೂರಿನಿಂದ ಒಬ್ಬ ದೊಡ್ಡ ಅಧಿಕಾರಿ ಬಂದರು. ಊರಿನ ಒಂದು ಹಾಲಿನಲ್ಲಿ ಸಭೆ. ನಾನು, ನಫೀಸಾ ಪಕ್ಕಪಕ್ಕದ ಕುರ್ಚಿಯಲ್ಲಿ ಕುಳಿತಿದ್ದೆವು. ಅವಳು ಇಸ್ತ್ರಿ ಮಾಡಿದ ತಿಳಿಹಸಿರು ಸೀರೆ ಉಟ್ಟಿದ್ದಳು. ಅಧಿಕಾರಿಗಳು ಅಚ್ಚಾದ ಹಾಳೆಯನ್ನು ಎತ್ತಿ ಹಿಡಿದು, ಬೆರಳಿನಿಂದ ಗೆರೆಯನ್ನು ಹಿಂಬಾಲಿಸಿ, ನಕ್ಕು ಕೇಳಿದರು.

“ಇದು ರಂಗೋಲಿಯ ಕೈ ಅಲ್ಲವೇ? ನಮ್ಮ ಹೆಣ್ಣುಮಕ್ಕಳ ಅಂಗಳದಿಂದ ಎದ್ದು ಬಂದ ಹಾಗಿದೆ. ಯಾರ ಮನೆಯದು?”

ಪ್ರೆಸ್ಸು ನಮ್ಮದಾದ್ದರಿಂದ ಎಲ್ಲರೂ ನನ್ನ ಕಡೆ ತಿರುಗಿದರು. ನಫೀಸಾ ಸೆರಗು ಸರಿಮಾಡಿಕೊಂಡು ಏಳಲು ಹೊರಟಿದ್ದಳು — ಕುರ್ಚಿ ಕಿರ್ರೆಂದದ್ದು ನನಗೆ ಕೇಳಿಸಿತು. ಅವಳಿಗಿಂತ ಮೊದಲು ನಾನು ಎದ್ದೆ.

“ಹೌದ್ರಿ ಸರ್. ನಮ್ಮ ಅಜ್ಜಿ ಹಾಕತಿದ್ದಳ್ರಿ.”

ಚಪ್ಪಾಳೆ ಬಿತ್ತು. ಪಕ್ಕದ ಕುರ್ಚಿ ಇನ್ನೊಮ್ಮೆ ಕಿರ್ರೆಂದಿತು. ಅವಳು ಕುಳಿತಳು.

ಏಕೆ ಹೇಳಿದೆ? ಆ ದಿನಗಳಲ್ಲಿ ಹವಾ ಸರಿ ಇರಲಿಲ್ಲ, ರಂಗೋಲಿ ಎಂದವರ ಮುಂದೆ ಮೆಹಂದಿ ಎನ್ನಲು ಅಂಜಿದೆ — ಹೀಗೆ ಹೇಳಿಕೊಳ್ಳಬಹುದು. ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡದ್ದೂ ಇದೆ. ಆದರೆ ಆ ಹಾಲಿನಲ್ಲಿ ನನ್ನನ್ನು ಯಾರೂ ಅಂಜಿಸಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಚಹಾ ಬರುತ್ತಿತ್ತು. ದೊಡ್ಡ ಮನುಷ್ಯರೊಬ್ಬರು ನನ್ನನ್ನು ನೋಡಿ ನಗುತ್ತಿದ್ದರು, ಅವರ ಊಹೆ ಸರಿಯಾಗಲಿ ಎನ್ನಿಸಿತು. ಆ ನಗು ನನ್ನ ಮೇಲೆ ಇನ್ನಷ್ಟು ಹೊತ್ತು ಇರಲಿ ಎನ್ನಿಸಿತು. ದಿನಾ ಬಸ್ಸಿನಲ್ಲಿ ಓಡಾಡಿ ನನಗೂ ಸಾಕಾಗಿತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ.

ಆಫೀಸಿನ ಆದೇಶ ನನ್ನ ಹೆಸರಿಗೆ ಬಂತು. ಆವತ್ತು ಊಟಕ್ಕೆ ಕುಳಿತಾಗ ಯಜಮಾನರು ತಟ್ಟೆ ನೋಡುತ್ತಲೇ ಕೇಳಿದರು.

“ನಿಮ್ಮ ಅಜ್ಜಿ ಯಾವಾಗ ರಂಗೋಲಿ ಹಾಕಿದ್ದಳು?”

“ಸುಮ್ಮನ ಉಣ್ಣ್ರಿ.”

ಅವರು ಸುಮ್ಮನೆ ಉಂಡರು. ಕೊನೆಯ ತನಕ ಸುಮ್ಮನೇ ಇದ್ದರು. ಅವರ ಪಾಲನ್ನು ನಾನು ಬರೆಯುವುದಿಲ್ಲ. ಅವರಿಲ್ಲ ಈಗ.

ನಾನು ಕಮಲಾಪುರದ ಶಾಲೆ ಬಿಡುವ ಮುನ್ನ ಇನ್ನೂ ಕೆಲವು ದಿನ ಒಟ್ಟಿಗೆ ಹೋಗಬೇಕಿತ್ತು. ಸಭೆಯ ಮರುದಿನ ಬಸ್ಸು ಹತ್ತಿದರೆ ಕಿಟಕಿ ಪಕ್ಕದ ಸೀಟಿನ ಮೇಲೆ ಅವಳ ಕರವಸ್ತ್ರ ಇತ್ತು. ನನಗಾಗಿ. ಕುಳಿತೆ. ಬಸ್ಸು ಊರು ದಾಟಿತು. ಆಮೇಲೆ, ಬಹಳ ಮಾಮೂಲಿ ಧ್ವನಿಯಲ್ಲಿ ಹೇಳಿದಳು.

“ನಿಮ್ಮ ಅಜ್ಜಿ ಕೈ ಭಾಳ ಚಲೋ ಇತ್ತು ಬಿಡ್ರಿ.”

ಅಷ್ಟೇ. ಬೈಯಲಿಲ್ಲ, ಅಳಲಿಲ್ಲ, ಯಾರ ಬಳಿಯೂ ಹೋಗಿ ದೂರಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳುತ್ತಿದ್ದೆನೇನೋ. ಆ ವರ್ಷದ ಪಂಚಮಿಗೆ ಅವಳು ಬರಲಾರಳೆಂದುಕೊಂಡೆ, ಬಂದಳು. ಬಂದು ಎರಡೂ ಕೈಗೆ ಮದರಂಗಿ ಹಚ್ಚಿದಳು. ಯಾವಾಗಿನ ಹಾಗೆ ಬಲದಿಂದ ಶುರು ಮಾಡಿದಳು. ನಾನು ಕೈ ಚಾಚಿಕೊಂಡು ಕುಳಿತಿದ್ದೆ. ಮರಗಟ್ಟುವುದು ಎನ್ನುತ್ತಾರಲ್ಲ, ಅದು ಆವತ್ತು ಆ ಕೈಗಳಿಂದಲೇ ಶುರುವಾಯಿತೆಂದು ನನಗೆ ತೋರುತ್ತದೆ. ಅದೇ ಕೊನೆಯ ಪಂಚಮಿ.

ಮರುವರ್ಷ ಅಮ್ಮಿ ತೀರಿಕೊಂಡರು. ನಫೀಸಾ ಕಮಲಾಪುರದ ಶಾಲೆಯಲ್ಲಿದ್ದಳು. ಅದರ ಬಗ್ಗೆ — ಆಮೇಲೆ.

ಆ ದಶಕ ಮುಗಿಯುವ ಹೊತ್ತಿಗೆ ಪ್ರೆಸ್ಸಿಗೆ ಕಂಪ್ಯೂಟರು ಬಂದು ಕುಳಿತಿತ್ತು. ಅಕ್ಷರಕ್ಕೆ ಬೇಡಿಕೆ ಬಂತು, ಫಾಂಟು ಮಾಡೋಣವೆಂದಾಯಿತು, ‘ಅಂಗಳ’ ಎಂದು ಹೆಸರಿಟ್ಟೆವು. ಹೆಸರು ನಾನೇ ಇಟ್ಟೆ. ಸುಳ್ಳಿಗೆ ಮನೆ ಕಟ್ಟಿದ ಮೇಲೆ ಬಾಗಿಲಿಗೆ ಹೆಸರಿನ ಹಲಗೆಯೂ ಬೇಕಲ್ಲ. ಕಂಪ್ಯೂಟರಿನ ಕೆಲಸ ನೋಡುತ್ತಿದ್ದ ಬಸಣ್ಣ ಒಂದೊಂದೇ ಅಕ್ಷರವನ್ನು ಪರದೆಯ ಮೇಲೆ ದೊಡ್ಡದು ಮಾಡಿ ಗೆರೆ ಕೂಡಿಸುತ್ತಿದ್ದ. ಒಂದು ದಿನ ನನ್ನನ್ನು ಕರೆದ.

“ಅಕ್ಕೋರ, ಎಲ್ಲಾ ಅಕ್ಷರದ ತಲಿಕಟ್ಟ ಬಲಗಡಿ ದಪ್ಪ ಅವರೀ. ರಂಗೋಲಿ ಹಾಕೋರು ಹಿಂಗ್ಯಾಕ ಎಳದಾರು? ಹಿಂಗ ಬಿಡ್ಲೋ, ತಿದ್ದಲೋ?”

ಪರದೆಯ ತುಂಬ ಅವಳ ‘ನ’ ಇತ್ತು. ಅಷ್ಟು ದೊಡ್ಡದಾಗಿ ನಾನು ಅದನ್ನು ನೋಡಿರಲಿಲ್ಲ. ಮೊದಲ ಹನಿ ಬಿದ್ದ ಜಾಗ, ಅಲ್ಲಿಂದ ಎಡಕ್ಕೆ ಹರಿದ ಎಳೆ — ಅವಳ ಮಣಿಕಟ್ಟು ತಿರುಗುವುದೂ ಕಂಡಂತಾಯಿತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಸಣ್ಣ ಒಬ್ಬನೇ ಇದ್ದ. ಅವನ ಮುಂದೆ ನನ್ನ ಯಾವ ಮಾನವೂ ಹೋಗುತ್ತಿರಲಿಲ್ಲ.

“ತಿದ್ದು,” ಎಂದೆ.

ಸಭೆಯಲ್ಲಿ ಆಡಿದ್ದು ಬಾಯಿ ತಪ್ಪಿ ಬಂದದ್ದೆಂದು ಹೇಳಿದರೆ ಯಾರಾದರೂ ನಂಬಿಯಾರು. ಇದನ್ನು ಹಾಗೆ ಹೇಳುವಂತಿಲ್ಲ. ಕೂತು, ನೋಡಿ, ಗುರುತು ಹಿಡಿದು, ಅಳಿಸಲು ಹೇಳಿದೆ. ಬಸಣ್ಣ ಎಲ್ಲ ತಲೆಕಟ್ಟುಗಳನ್ನೂ ಸಮ ಮಾಡಿದ. ಮೊದಲಿನ ಪುಸ್ತಕದ ಅಕ್ಷರಕ್ಕೂ ಈಗಿನ ಫಾಂಟಿಗೂ ಯಾಕಿಷ್ಟು ವ್ಯತ್ಯಾಸವೆಂದು ತಿಳಿದವರು ಆಗಾಗ ಕೇಳುತ್ತಾರೆ. ಕಾರಣ ಇದು.

ಇಷ್ಟನ್ನು ಬರೆದುಕೊಂಡು ಹೋದ ವಾರ ನಫೀಸಾಳ ಮನೆಗೆ ಹೋದೆ. ಅವಳೂ ನಿವೃತ್ತಳಾಗಿದ್ದಾಳೆ. ಅದೇ ಗಲ್ಲಿ, ಅದೇ ಬಾಗಿಲು. ಎಷ್ಟು ವರ್ಷವಾದ ಮೇಲೆ ಬಂದದ್ದೋ, ಆದರೂ “ಬರ್ರಿ ಬಾಯಿ” ಎಂದು ಕರೆದು ಕೂರಿಸಿದಳು. ಹೊಸ ಫಾಂಟಿನವರಿಗೆ ಎಲ್ಲವನ್ನೂ ಹೇಳಿಬಿಟ್ಟಿದ್ದೇನೆ, ತಲೆಕಟ್ಟಿನ ಬಲಗಡೆಯ ದಪ್ಪವನ್ನು ಮೊದಲ ಪುಸ್ತಕ ನೋಡಿ ತಿರುಗಿ ಕೂಡಿಸುತ್ತಾರೆ, ‘ಅಂಗಳ’ ತೆಗೆದು ‘ಮೆಹಂದಿ’ ಎಂದೇ ಹೆಸರಿಡುತ್ತಾರೆ, ಮಾಡಿದವರು ನಫೀಸಾ ಎಂದು ಮೊದಲ ಪುಟದಲ್ಲಿ ಹಾಕುತ್ತಾರೆ ಎಂದೆ. ಅವಳು ಕನ್ನಡಕ ಹಾಕಿಕೊಂಡು ನನ್ನ ಹಾಳೆಗಳನ್ನು ನಿಧಾನವಾಗಿ ಓದಿದಳು. ಓದಿ, ಮಡಚಿ, ತಿರುಗಿ ಕೊಟ್ಟಳು.

“ಹೆಸರು ಹಾಕ್ರಿ. ಬ್ಯಾಡ ಅನ್ನಂಗಿಲ್ಲ. ನಂದ ಅದ ಅದು.”

“ಹೌದು, ಆಪಾ.”

“ಆದ್ರ ಅಕ್ಷರದ ಮಾತ ಅಷ್ಟ ಬರದೀರಿ. ಅಮ್ಮಿ ಹೋದ ದಿನದ್ದು ‘ಆಮೇಲೆ’ ಅಂತ ಬರದು ಹಂಗ ಬಿಟ್ಟೀರಿ.”

ಅವಳಿಗೆ ಗೊತ್ತಿಲ್ಲವೆಂದೇ ನಾನು ಇಷ್ಟು ವರ್ಷ ತಿಳಿದಿದ್ದೆ. ಯಾರು ಹೇಳಿದರು ಎಂದು ಹೇಗೋ ಕೇಳಿದೆ.

“ಯಾರ ಹೇಳಬೇಕ್ರಿ? ನಿಮ್ಮ ಕಿಟಕ್ಯಾಗಿಂದ ನಮ್ಮ ಬಾಗಲಾ ಕಂಡ್ರ, ನಮ್ಮ ಬಾಗಲಾದಾಗಿಂದ ನಿಮ್ಮ ಕಿಟಕಿ ಕಾಣಂಗಿಲ್ಲೇನು? ಬಾಜೂ ಮನ್ಯಾಕಿ ಇಲ್ಲೇ ನಿಂತು ನೋಡ್ಯಾಳ.” ಕನ್ನಡಕ ತೆಗೆದಿಟ್ಟು ಹೇಳಿದಳು, “ಅದನ್ನೂ ಬರೀರಿ. ನನ್ನ ಹೆಸರಿನ ಬಾಜೂಕ ಅದೂ ಇರಲಿ.”

ಬರೆಯುತ್ತೇನೆ.

ಆವತ್ತು ಮಧ್ಯಾಹ್ನ ನಾನು ಮಾಳಿಗೆಯ ಆಫೀಸಿನಲ್ಲಿ ಪುಸ್ತಕದ ಪ್ರೂಫು ನೋಡುತ್ತಿದ್ದೆ. ನಫೀಸಾಳ ಬಾಜೂ ಮನೆಯಾಕೆ ಮೆಟ್ಟಿಲು ಹತ್ತಿ ಓಡಿ ಬಂದಳು. ಅಮ್ಮಿಗೆ ಉಸಿರು ಹತ್ತಿದೆ, ಆಪಾಗೆ ಹೇಳಿ ಕಳಿಸಿ, ಅವರು ಬರುವ ತನಕ ನೀವಾದರೂ ಬಂದು ಕೂರಿ, ಮುದುಕಿ ‘ಬೇಟಿ ಬೇಟಿ’ ಎಂದು ಮಗಳನ್ನು ಕರೆಯುತ್ತಿದ್ದಾಳೆ, ಎಂದಳು. ಕಮಲಾಪುರದ ಶಾಲೆಗೆ ಫೋನಿರಲಿಲ್ಲ. ಬಸ್ ಸ್ಟ್ಯಾಂಡಿಗೆ ಆಫೀಸಿನ ಆಳನ್ನು ಓಡಿಸಿ, ಆ ಕಡೆ ಹೊರಟಿದ್ದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಸುದ್ದಿ ಕಳಿಸಿದೆ. ಅಷ್ಟು ಮಾಡಿದೆ. ನೀನು ನಡಿ, ಬಂದೆ, ಎಂದು ಆಕೆಗೆ ಹೇಳಿದೆ.

ಹೋಗಲಿಲ್ಲ. ಮೆಟ್ಟಿಲಿಳಿದು ರಸ್ತೆ ದಾಟಿದರೆ ಮನೆ. ಆ ಕೋಣೆಗೆ ಹೋಗಿ, ಮಗಳು ಕೂರಬೇಕಾಗಿದ್ದ ಕುರ್ಚಿಯಿಂದ ಎದ್ದು ಬಂದ ನಾನು, ಆ ಮುದುಕಿಯ ಕೈ ಹೇಗೆ ಹಿಡಿಯಲಿ ಎಂದು — ಇಲ್ಲ. ಇದೂ ಕಾರಣವಲ್ಲ. ಹೋಗಲಿಲ್ಲ, ಅಷ್ಟೇ. ಮೇಜಿನ ಮೇಲೆ ಅವಳದೇ ಅಕ್ಷರಗಳ ಪ್ರೂಫು ಇತ್ತು. ಓದುತ್ತ ಕುಳಿತೆ. ಕೆಳಗಿನಿಂದ ಯಾರೋ ನನ್ನನ್ನು ಕೂಗಿದರು. ಎದ್ದು ಕಿಟಕಿಯ ಬಳಿ ಹೋದೆ. ಆ ಬಾಗಿಲಲ್ಲಿ ಬಾಜೂ ಮನೆಯಾಕೆ ಕೈ ಮಾಡುತ್ತ ನಿಂತಿದ್ದಳು.

ಸಂಜೆ ನಫೀಸಾ ಬಸ್ಸಿಳಿದು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅಮ್ಮಿಯ ಬಳಿ ಮಗಳಿರಲಿಲ್ಲ. ಮಗಳು ಇರಬೇಕಾಗಿದ್ದ ಕುರ್ಚಿಯಲ್ಲಿ ನಾನಿದ್ದೆ. ಕಿಟಕಿ ಮುಚ್ಚಿದವಳೂ ನಾನೇ.